ಗೋವಾಕ್ಕೆ ಸೈನ್ಯ ಹೋದದ್ದು ಯಾಕೆ?

ನಮ್ಮ ಸಕಲೇಶಪುರ, ಆಲೂರು ಕಡೆ ಬೇಲಿ ಜಗಳ ಹೊಸದೇನಲ್ಲ. ಕಾಫಿ ತೋಟದ ಬೇಲಿ ಒಂದು ಮಾರು ಸರಿದರೆ ಸಾಕು, ಮಾತಿಗೆ ಮಾತು ಬೆಳೆಯುತ್ತದೆ. ಹುಡುಗರು ಕತ್ತಿ ಹಿಡಿದು ಹೊರಡುತ್ತಾರೆ. ಹಿರಿಯರು, "ತಡೀರಪ್ಪಾ, ಮೊದಲು ಸರ್ವೆಯವರನ್ನ ಕರೆಸೋಣ" ಅನ್ನುತ್ತಾರೆ.

ನಮ್ಮ ದೇಶಕ್ಕೂ ಒಮ್ಮೆ ಇಂಥದ್ದೇ ಪೇಚು ಬಂದಿತ್ತು.

1947ರಲ್ಲಿ ಬ್ರಿಟಿಷರು ಹೋದರು. ಆದರೆ ಕಾರವಾರದ ಆಚೆ ಇರುವ ಗೋವಾ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. ಅವರು ಅದನ್ನು ಹಿಡಿದದ್ದು 1510ರಲ್ಲಿ. "ಬಿಟ್ಟುಕೊಡಿ" ಎಂದು ನಮ್ಮ ಸರ್ಕಾರ ಕೇಳಿತು. ಪೋರ್ಚುಗಲ್ ದೇಶವನ್ನು ಆಳುತ್ತಿದ್ದ ಸಲಜಾರ್ ಒಪ್ಪಲಿಲ್ಲ. "ಗೋವಾ ಪೋರ್ಚುಗಲ್ಲಿನದೇ ಒಂದು ಭಾಗ" ಅಂದ. ಸಾವಿರಾರು ಮೈಲಿ ದೂರ ಕೂತವನ ಮಾತು ನೋಡಿ!

1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. 20ಕ್ಕೂ ಹೆಚ್ಚು ಜನ ಸತ್ತರು. "ಸೈನ್ಯ ಕಳಿಸಿ" ಎಂಬ ಕೂಗು ಎದ್ದಿತು. ಪ್ರಧಾನಿ ನೆಹರೂ ಆಗಲೂ ಕಳಿಸಲಿಲ್ಲ. ಜಗಳವನ್ನು ಮಾತಿನಿಂದ ಬಗೆಹರಿಸಿ ಎಂದು ಲೋಕಕ್ಕೆಲ್ಲ ಹೇಳುತ್ತಿದ್ದವರು ನಾವು. ನಾವೇ ಬಂದೂಕು ಎತ್ತುವುದು ಹೇಗೆ? ಇದು ಅವರ ಸಂಕಟ. ಸರ್ಕಾರ ಗಡಿ ಮುಚ್ಚಿತು, ವ್ಯಾಪಾರ ನಿಲ್ಲಿಸಿತು. ಅದರ ಬಿಸಿ ಗೋವಾದ ಬಡವರಿಗೂ ತಟ್ಟಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಸರ್ಕಾರದ ತಾಳ್ಮೆ ಹೇಗೆ ಕಂಡಿರಬೇಕು, ನೀವೇ ಯೋಚಿಸಿ.

ಹೀಗೇ ಆರು ವರ್ಷ ಕಳೆಯಿತು. ಕಾರವಾರದ ಹತ್ತಿರ ಸಮುದ್ರದಲ್ಲಿ ಅಂಜದೀವ ಎಂಬ ಪುಟ್ಟ ದ್ವೀಪವಿದೆ. ಅದೂ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ನಮ್ಮ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ಕರಾವಳಿಯ ಜನ ಕಡಲಿಗೆ ಇಳಿಯಲು ಹೆದರುವಂತಾಯಿತು. ಸರ್ಕಾರದ ತಾಳ್ಮೆ ಮುಗಿಯಿತು.

ಸೈನ್ಯ ಬೆಳಗಾವಿಯಲ್ಲಿ ಸೇರಿತು. ಡಿಸೆಂಬರ್ 17ರ ನಡುರಾತ್ರಿ ಕಳೆದ ಮೇಲೆ ಗೋವಾದತ್ತ ಹೊರಟಿತು. ಅಂಜದೀವಕ್ಕೆ ಹೋದ ಯುದ್ಧಹಡಗುಗಳಲ್ಲಿ ಒಂದರ ಹೆಸರು 'ಮೈಸೂರು'. ಆಗ ನಮ್ಮ ಹಾಸನ ಜಿಲ್ಲೆ ಇದ್ದದ್ದೂ ಮೈಸೂರು ರಾಜ್ಯದಲ್ಲೇ. ಆ ದ್ವೀಪದಲ್ಲಿ ನಮ್ಮ 7 ಜನ ನಾವಿಕರು ಪ್ರಾಣ ಬಿಟ್ಟರು. 19ರಂದು ಪೋರ್ಚುಗೀಸರು ಶರಣಾದರು.

ಅಮೆರಿಕ, ಬ್ರಿಟನ್ ನಮ್ಮನ್ನು ಬೈದವು. "ಶಾಂತಿ ಅನ್ನುತ್ತಿದ್ದವರು ಇವರೇನಾ?" ಎಂದು ಆಡಿಕೊಂಡವರೂ ಇದ್ದರು. ವಿಶ್ವಸಂಸ್ಥೆಯಲ್ಲಿ ರಷ್ಯಾ ನಮ್ಮ ಪರ ನಿಂತಿತು. ನಾನೂರೈವತ್ತು ವರ್ಷ ಕೂತವರನ್ನು ಏಳಿಸಲು ಹದಿನಾಲ್ಕು ವರ್ಷ ಮಾತಾಡಿ ನೋಡಿದ್ದೆವು. ಅದು ಕಡಿಮೆ ತಾಳ್ಮೆಯಲ್ಲ. ಆದರೆ ತಡವಾಯಿತು ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಗೋವಾ ಭಾರತದ್ದೇ ಎಂದು ಪೋರ್ಚುಗಲ್ ಒಪ್ಪಿದ್ದು 1974ರಲ್ಲಿ. ಅಷ್ಟರಲ್ಲಿ ಸಲಜಾರ್ ಸತ್ತು ನಾಲ್ಕು ವರ್ಷವಾಗಿತ್ತು.