ಮೂಗಿಗೆ ಹಣೆಯ ಚರ್ಮವೇ ಏಕೆ?

ಪ್ರಶ್ನೆ: ಕ್ಯಾನ್ಸರ್‌ನಿಂದ ಮೂಗಿನ ತುದಿ ಹೋದ ನಮ್ಮ ಸೋದರಮಾವನಿಗೆ ಹಣೆಯ ಚರ್ಮ ಇಳಿಸಿ ಮೂಗು ಕಟ್ಟುತ್ತಾರಂತೆ. ತೊಡೆಯ ಚರ್ಮ ಹಚ್ಚಿದರೆ ಆಗದೇ?

ಉತ್ತರ: ಇಲ್ಲಿ ಮುಖ್ಯವಾದದ್ದು ರಕ್ತ. ತೊಡೆಯಿಂದ ತೆಗೆದ ತೆಳು ಚರ್ಮ ರಕ್ತನಾಳ ಕಡಿದುಕೊಂಡೇ ಬರುತ್ತದೆ. ಮೊದಲ ಒಂದೆರಡು ದಿನ ಗಾಯದ ದ್ರವ ಹೀರಿ ಬದುಕಿ, ಬಳಿಕ ಕೆಳಗಿನ ನಾಳಗಳೊಂದಿಗೆ ಕೂಡಿಕೊಳ್ಳುತ್ತದೆ. ಸುಟ್ಟ ಗಾಯಕ್ಕೆ ಅದು ಸರಿ. ಮೃದ್ವಸ್ಥಿ ಬರಿದಾದ ಮೂಗಿನ ಮೇಲೆ ಅದು ಹಿಡಿಯುವುದು ಕಷ್ಟ. ಹಿಡಿದರೂ ಮುದುಡುತ್ತದೆ, ಬಣ್ಣವೂ ಹೊಂದುವುದಿಲ್ಲ.

ಹಣೆಯ ಚರ್ಮವನ್ನಾದರೋ ಪೂರ್ತಿ ಬಿಡಿಸುವುದಿಲ್ಲ. ಹುಬ್ಬಿನ ಬಳಿ ರಕ್ತನಾಳವಿರುವ ತೊಟ್ಟನ್ನು ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಲಿಯುತ್ತಾರೆ. ಸುಮಾರು 3 ವಾರದಲ್ಲಿ ಹೊಸ ಜಾಗದಿಂದ ರಕ್ತ ಬರತೊಡಗಿದ ಮೇಲೆ ತೊಟ್ಟು ಕತ್ತರಿಸುತ್ತಾರೆ. ಅಲ್ಲಿಯವರೆಗೆ ಮುಖ ನೋಡಿ ಮನೆಯವರು ಗಾಬರಿಯಾಗಬಾರದು.

ಇದು ನಮ್ಮ ನೆಲದ ವಿದ್ಯೆ. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ, ಬ್ರಿಟಿಷ್ ಸೇನೆಯ ಎತ್ತು ಹೊಡೆಯುವ ಕಾವಸ್‌ಜಿಗೆ ಪುಣೆಯ ಬಳಿ ಹೀಗೆಯೇ ಮೂಗು ಕಟ್ಟಿದರು. ಅಳತೆಗೆ ಮೇಣದ ಅಚ್ಚು ಮಾಡಿ, ಚಪ್ಪಟೆಗೊಳಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದರು. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು.

ತೊಡಕುಗಳೂ ಉಂಟು. ಹೊಸ ಚರ್ಮ ಬಿಳುಚಿದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ವಾಪಸು ಹೋಗುತ್ತಿಲ್ಲ ಎಂದರ್ಥ. ಬೆರಳಿನಿಂದ ಒತ್ತಿ, ಬಣ್ಣ ಮರಳುವ ವೇಗದಿಂದಲೇ ಇದನ್ನು ಓದುವ ಕಣ್ಣು ವೈದ್ಯರಿಗೆ ಬರಬೇಕು; ಶಸ್ತ್ರಚಿಕಿತ್ಸೆಯ ಎಂ.ಎಸ್. ಮುಗಿದ ಮೇಲೂ 3 ವರ್ಷ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಕಲಿಯುವುದು ಇಂಥದ್ದಕ್ಕೇ. ಮಾವ ಬೀಡಿ ಸೇದುವವರಾದರೆ ಇಂದೇ ಬಿಡಿಸಿ. ನಿಕೋಟಿನ್ ಆ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ.