ಯಕೃತ್ತಿನ ಕಾವಲು

ಬೆಳಗಾವಿಯ ಶಿವಬಸವ ನಗರದಲ್ಲಿರಲಿ, ಖಾನಾಪುರದ ಕಾಡಂಚಿನ ಹಳ್ಳಿಯಲ್ಲಿರಲಿ, ಜ್ವರ ಬಂದವರು ಮೊದಲು ನುಂಗುವುದು ಪ್ಯಾರಾಸಿಟಮಾಲ್ ಮಾತ್ರೆಯನ್ನು. ಮಿತಿಯಲ್ಲಿದ್ದರೆ ಇದು ಒಳ್ಳೆಯ ಔಷಧ. ಆದರೆ ದೇಹವನ್ನು ಹೊಕ್ಕ ಔಷಧವನ್ನು ಮಾರ್ಪಡಿಸಿ ಹೊರದೂಡುವ ಹೊಣೆ ಯಕೃತ್ತಿನದು. ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅಂಗವು ಆ ಕೆಲಸದಲ್ಲಿ ತಾನೇ ಪೆಟ್ಟು ತಿನ್ನುವುದುಂಟು.

ಪ್ಯಾರಾಸಿಟಮಾಲಿನ ಬಹುಭಾಗವು ನಿರುಪದ್ರವಿ ವಸ್ತುವಾಗಿ ಮಾರ್ಪಟ್ಟು ಮೂತ್ರದೊಡನೆ ಹೊರಹೋಗುತ್ತದೆ. ಅಲ್ಪಾಂಶ ಮಾತ್ರ ವಿಷವಾಗುತ್ತದೆ. ಜೀವಕೋಶದಲ್ಲಿರುವ ಗ್ಲೂಟಾಥಯೋನ್ ಎಂಬ ವಸ್ತು ಅದನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಮಾತ್ರೆಗಳು ಮಿತಿಮೀರಿದರೆ ಗ್ಲೂಟಾಥಯೋನಿನ ದಾಸ್ತಾನು ಬರಿದಾಗುತ್ತದೆ. ಆಗ ವಿಷವು ಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಸ್ವತಂತ್ರ ರ್‍ಯಾಡಿಕಲ್‌ಗಳೆಂಬ ಚಂಚಲ ಕಣಗಳು ಹೆಚ್ಚಿ ಕೋಶಪೊರೆಯ ಕೊಬ್ಬನ್ನು ಕೆಡಿಸತೊಡಗುತ್ತವೆ. ಬಹುದಿನ ತೆರೆದಿಟ್ಟ ಶೇಂಗಾ ಎಣ್ಣೆಗೆ ಕಮಟು ಹಿಡಿಯುವಂತಹ ಕ್ರಿಯೆಯೇ ಇದು.

ಈ ಕೆಡುಕನ್ನು ತಡೆಯುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ‘ಇ’ ಮತ್ತು ‘ಸಿ’ ಜೀವಸತ್ವಗಳು ಇವುಗಳಲ್ಲಿ ಮುಖ್ಯವಾದವು. 1922ರಲ್ಲಿ ಅಮೆರಿಕದ ಈವಾನ್ಸ್ ಮತ್ತು ಬಿಷಪ್ ಪತ್ತೆಮಾಡಿದ ‘ಇ’ ಜೀವಸತ್ವವು ಕೊಬ್ಬಿನಲ್ಲಿ ಕರಗುವುದರಿಂದ ಕೋಶಪೊರೆಯಲ್ಲಿಯೇ ನೆಲೆಸಿ ಚಂಚಲ ಕಣಗಳನ್ನು ತಣಿಸುತ್ತದೆ. ಹಾಗೆ ಬಳಲಿದ ‘ಇ’ಯನ್ನು ನೀರಿನಲ್ಲಿ ಕರಗುವ ‘ಸಿ’ ಮತ್ತೆ ಸಜ್ಜುಗೊಳಿಸುತ್ತದೆ. ಸೊಗಸಾದ ಸಹಕಾರವಿದು! ಶೇಂಗಾ, ಸೂರ್ಯಕಾಂತಿ ಎಣ್ಣೆಗಳಲ್ಲಿ ‘ಇ’ ಇದೆ; ನೆಲ್ಲಿಕಾಯಿ, ಪೇರಲ ಹಣ್ಣುಗಳಲ್ಲಿ ‘ಸಿ’ ಹೇರಳವಾಗಿದೆ.

ಇಲಿಗಳ ಮೇಲೆ ನಡೆದ ಹಲವು ಪ್ರಯೋಗಗಳಲ್ಲಿ ಈ ಜೀವಸತ್ವಗಳು ಯಕೃತ್ತಿನ ಹಾನಿಯನ್ನು ತಗ್ಗಿಸಿವೆ. ಇಷ್ಟನ್ನೇ ಕೇಳಿದವರು, ಜೀವಸತ್ವದ ಗುಳಿಗೆಯೊಂದನ್ನು ಜೊತೆಗೆ ನುಂಗಿದರೆ ಎಷ್ಟು ಮಾತ್ರೆಯಾದರೂ ಅಡ್ಡಿಯಿಲ್ಲವೆಂದು ತಿಳಿಯುವುದುಂಟು. ಇದು ಅಪಾಯಕರ ಭ್ರಮೆ. ಇಲಿಯಲ್ಲಿ ಕಂಡ ಈ ರಕ್ಷಣೆ ಮನುಷ್ಯನಿಗೂ ದೊರೆಯುವುದೆಂದು ಸಿದ್ಧವಾಗಿಲ್ಲ. ವಯಸ್ಕರಿಗೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ಮಕ್ಕಳಿಗೆ ತೂಕವನ್ನು ನೋಡಿ ವೈದ್ಯರು ಪ್ರಮಾಣವನ್ನು ಗೊತ್ತುಮಾಡುತ್ತಾರೆ. ನೆಗಡಿಯ ಅನೇಕ ಮಾತ್ರೆಗಳಲ್ಲಿ ಬೇರೆ ಹೆಸರಿನಡಿ ಇದೇ ಔಷಧ ಅಡಗಿರುವುದರಿಂದ, ಅರಿವಿಲ್ಲದೆಯೇ ಇಮ್ಮಡಿ ನುಂಗುವ ಸಂಭವವಿದೆ.

ಈ ವಿಷಕ್ಕೆ ನಿಜವಾದ ಪ್ರತಿವಿಷ ಅಸಿಟೈಲ್‌ಸಿಸ್ಟೀನ್. 1970ರ ದಶಕದಿಂದ ಬಳಕೆಯಲ್ಲಿರುವ ಇದು ಬರಿದಾದ ಗ್ಲೂಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ. ಎಂಟು ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ತೊಡಕೆಂದರೆ, ಮೊದಲ ದಿನ ಓಕರಿಕೆಯ ಹೊರತು ಹೆಚ್ಚಿನ ಬಾಧೆ ತೋರದಿರಬಹುದು. ಬಲಪಕ್ಕೆಯ ನೋವು, ಕಣ್ಣಿನ ಹಳದಿ ಕಾಣಿಸಿಕೊಳ್ಳುವುದು ಅನಂತರದ ದಿನಗಳಲ್ಲಿ. ಆದುದರಿಂದ ಮಾತ್ರೆ ಮಿತಿಮೀರಿತೆಂದು ತಿಳಿದ ಗಳಿಗೆಯಲ್ಲಿಯೇ, ರೋಗಿ ಚೆನ್ನಾಗಿ ನಡೆದಾಡುತ್ತಿದ್ದರೂ, ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ.