ಕಾಗದದ ಮಡಿಕೆಯಲ್ಲಿ ಅಡಗಿರುವ ಬಲ: ಮೈ ಮೆತ್ತಗಿನ ರೋಬೋಟುಗಳ ಹೊಸ ಲೋಕ

ಪುಟ್ಟ ಮಗುವೊಂದು ಆಟಿಕೆಯೊಳಗಿನ ಬಟನ್ ಬ್ಯಾಟರಿ ನುಂಗಿತೆಂದರೆ ಹೆತ್ತವರ ಜೀವ ಬಾಯಿಗೆ ಬರುತ್ತದೆ. ಗಡಿಯಾರ, ರಿಮೋಟು, ಹಾಡುವ ಗೊಂಬೆಗಳಲ್ಲಿರುವ ಈ ಬಿಲ್ಲೆಯಂಥ ಬ್ಯಾಟರಿ ನೋಡಲು ಪೆಪ್ಪರಮಿಂಟಿನಂತಿದ್ದರೂ ಬಲು ಅಪಾಯಕಾರಿ. ಒದ್ದೆಯಾದ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರಿಂದ ವಿದ್ಯುತ್ ಹರಿದು ಕ್ಷಾರ ಉಂಟಾಗಿ, ಎರಡು ಗಂಟೆಯೊಳಗೆ ಆಳವಾದ ಸುಟ್ಟಗಾಯ ಆಗಬಹುದು. 2016ರ ಹೊತ್ತಿಗೆ ಅಮೆರಿಕ ಒಂದರಲ್ಲೇ ಇಂತಹ ಸುಮಾರು 3,500 ಪ್ರಕರಣಗಳು ವರ್ಷಕ್ಕೆ ವರದಿಯಾಗುತ್ತಿದ್ದವು.

ಹೊಟ್ಟೆಗೆ ಇಳಿದು ಅಂಟಿಕೊಂಡ ಬ್ಯಾಟರಿಯನ್ನು ಕೊಯ್ಯದೆ ಹೊರತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಡೇನಿಯಲಾ ರುಸ್ ಮತ್ತು ಸಂಗಡಿಗರು 2016ರಲ್ಲಿ ಕಂಡುಕೊಂಡ ಉತ್ತರ ಕುತೂಹಲಕಾರಿ. ಅವರ ಬಳಗದ ಶುಹೇ ಮಿಯಾಶಿತಾ ಒಂದು ತುಂಡು ಹಂದಿಮಾಂಸದ ಮೇಲೆ ಬ್ಯಾಟರಿ ಇಟ್ಟು ನೋಡಿದರು. ಅರ್ಧ ಗಂಟೆಯಲ್ಲಿ ಅದು ಮಾಂಸದೊಳಗೆ ಹುದುಗಿಹೋಗಿತ್ತು! ಆ ಬಳಿಕ ತಯಾರಾದದ್ದು ಕಾಗದದಂತೆ ಮಡಚಿದ ಪುಟ್ಟ ರೋಬೋಟ್. ಇದನ್ನು ಮಂಜುಗಡ್ಡೆಯ ಗುಳಿಗೆಯೊಳಗೆ ಇಟ್ಟು ನುಂಗಿಸುವುದು. ಹೊಟ್ಟೆಯಲ್ಲಿ ಮಂಜು ಕರಗಿದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ. ಅದರೊಳಗೊಂದು ಚಿಕ್ಕ ಅಯಸ್ಕಾಂತವಿದೆ. ಹೊರಗಿನಿಂದ ಅಯಸ್ಕಾಂತ ಶಕ್ತಿ ಹಾಯಿಸಿ ರೋಬೋಟನ್ನು ಬ್ಯಾಟರಿಯ ಬಳಿಗೆ ನಡೆಸಿ, ಅದನ್ನು ಕಿತ್ತು ಸರಿಸಬಹುದು. ಮೈಗೆ ಬಳಸಿದ್ದು ಉಕ್ಕಲ್ಲ, ಸಾಸೇಜ್ ತಯಾರಿಕೆಯಲ್ಲಿ ಬಳಸುವ ಒಣಗಿಸಿದ ಹಂದಿಕರುಳಿನ ಪದರ!

ಮಡಚುವುದು ಒರಿಗಾಮಿ, ಕತ್ತರಿಸುವುದು ಕಿರಿಗಾಮಿ

ಕಾಗದ ಮಡಚಿ ಆಕೃತಿ ಮಾಡುವ ಜಪಾನಿನ ಕಲೆಗೆ ಒರಿಗಾಮಿ ಎಂದು ಹೆಸರು. ಮಡಚುವುದರ ಜೊತೆ ಕತ್ತರಿಯನ್ನೂ ಆಡಿಸಿದರೆ ಅದು ಕಿರಿಗಾಮಿ. ಮಕ್ಕಳ ಕೈಕೆಲಸವೆಂದು ತೋರುವ ಈ ವಿದ್ಯೆಯನ್ನು ಎಂಜಿನಿಯರುಗಳು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿದ್ದರು. ಜಪಾನಿನ ವಿಜ್ಞಾನಿ ಕೊರ್ಯೋ ಮಿಯುರಾ ರೂಪಿಸಿದ ಮಡಿಕೆಯಲ್ಲಿ ಎದುರುಬದುರು ಮೂಲೆಗಳನ್ನು ಹಿಡಿದೆಳೆದರೆ ಇಡೀ ಹಾಳೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಜಪಾನ್ ಹಾರಿಸಿದ ‘ಸ್ಪೇಸ್ ಫ್ಲೈಯರ್ ಯೂನಿಟ್’ ಎಂಬ ಉಪಗ್ರಹದಲ್ಲಿ ಈ ಮಡಿಕೆಯನ್ನು ಬಾಹ್ಯಾಕಾಶದಲ್ಲೇ ಪರೀಕ್ಷಿಸಲಾಯಿತು.

ರೋಬೋಟ್ ಎಂದರೆ ಉಕ್ಕಿನ ತೋಳು, ಮೋಟಾರು, ನಟ್ಟು, ಬೋಲ್ಟು ಎಂಬುದು ವಾಡಿಕೆಯ ಚಿತ್ರ. 1961ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ‘ಯುನಿಮೇಟ್’ ಅಂಥದ್ದೇ. ಕಾರಿನ ಭಾಗಗಳನ್ನು ಎತ್ತಲು ಇದು ಸರಿ. ಆದರೆ ರೋಗಿಯ ಮೈಯನ್ನೋ, ಕಳಿತ ಹಣ್ಣನ್ನೋ ಮುಟ್ಟಬೇಕಾದಾಗ ಗಟ್ಟಿ ಕೈ ಪ್ರಯೋಜನಕ್ಕೆ ಬಾರದು. ರಬ್ಬರಿನಂತಹ ಮೃದು ವಸ್ತುವಿನಿಂದ ಮಾಡಿದರೆ ಪೆಟ್ಟಾಗದು ನಿಜ, ಆದರೆ ಬಲ ಸಾಲದು. ಈ ಇಕ್ಕಟ್ಟಿಗೆ ಪರಿಹಾರ ಸಿಕ್ಕಿದ್ದು ಮಡಿಕೆಯಲ್ಲಿ. ಹಾಳೆ ಮೆತ್ತಗಿದ್ದರೂ ಅದು ಯಾವ ಕಡೆ ಬಾಗಬೇಕು, ಯಾವ ಕಡೆ ಬಾಗಬಾರದು ಎಂಬುದನ್ನು ಮಡಿಕೆಯ ಗೆರೆಯೇ ನಿರ್ಧರಿಸುತ್ತದೆ.

ಹಾರ್ಮೋನಿಯಂ ತಿದಿಯಂತಹ ಸ್ನಾಯು

ಭಜನೆಯಲ್ಲಿ ಹಾರ್ಮೋನಿಯಂನ ತಿದಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ತಿದಿಯ ಮಡಿಕೆಗಳು ಮುದುಡಿದಾಗ ಗಾಳಿ ಹೊರಬೀಳುತ್ತದೆ. ಇದನ್ನೇ ತಿರುವಿ ಹಾಕಿ, ಗಾಳಿಯನ್ನು ಹೀರಿದರೆ ಮಡಿಕೆಗಳು ಮುದುಡುವಂತೆ ಮಾಡಿದರೆ ಅದೇ ಒಂದು ಸ್ನಾಯು. ಹಾರ್ವರ್ಡ್ ಮತ್ತು ಎಂಐಟಿ ವಿಜ್ಞಾನಿಗಳು 2017ರಲ್ಲಿ, ಮಡಚಿದ ಹಂದರವೊಂದನ್ನು ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿ, ಒಳಗಿನ ಗಾಳಿ ಹೀರಿ ಇಂಥ ಸ್ನಾಯುಗಳನ್ನು ಮಾಡಿದರು. 2.6 ಗ್ರಾಂ ತೂಕದ ಸ್ನಾಯು 3 ಕಿಲೋ ಭಾರ ಎತ್ತಿತು. ತಯಾರಿಗೆ ಹತ್ತೇ ನಿಮಿಷ, ಸಾಮಗ್ರಿಗೆ ಒಂದು ಡಾಲರಿಗಿಂತ ಕಡಿಮೆ ಖರ್ಚು ಎಂಬುದು ಗಮನಾರ್ಹ.

ಇನ್ನು ಕತ್ತರಿಯ ಕೆಲಸ. ಹಬ್ಬದ ಅಲಂಕಾರಕ್ಕೆ ಬಣ್ಣದ ಕಾಗದ ಮಡಚಿ, ಎರಡೂ ಬದಿಯಿಂದ ಸರದಿಯಂತೆ ಸೀಳಿ ಬಿಡಿಸಿದರೆ ಅದು ಉದ್ದನೆಯ ಜಾಲರಿಯಾಗುತ್ತದೆ. ಎಳೆದರೆ ಹರಿಯಬೇಕಾದ ಕಾಗದ ಸೀಳಿನಿಂದಾಗಿ ಹಿಗ್ಗುತ್ತದೆ. ಹಾರ್ವರ್ಡ್‌ನ ಅಹ್ಮದ್ ರಫ್ಸಂಜಾನಿ, ಕಾಟಿಯಾ ಬರ್ಟೋಲ್ಡಿ ಮತ್ತಿತರರು 2018ರಲ್ಲಿ ಇದೇ ರೀತಿ ಸೀಳಿದ ಪ್ಲಾಸ್ಟಿಕ್ ಹಾಳೆಯನ್ನು ರಬ್ಬರ್ ಕೊಳವೆಗೆ ಸುತ್ತಿದರು. ಗಾಳಿ ತುಂಬಿದಾಗ ಸೀಳುಗಳು ಹಾವಿನ ಹುರುಪೆಯಂತೆ ಎದ್ದು ನೆಲವನ್ನು ಕಚ್ಚಿದವು, ಗಾಳಿ ಬಿಟ್ಟಾಗ ಮಲಗಿದವು. ಹೀಗೆ ಏಳುತ್ತ ಮಲಗುತ್ತ ಕೊಳವೆ ಮುಂದಕ್ಕೆ ತೆವಳಿತು.

ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದ ಜೀ ಯಿನ್ ಬಳಗದ ಸೀಳುಹಾಳೆಯ ಹಿಡಿಕೆ 2022ರಲ್ಲಿ ಹಸಿ ಮೊಟ್ಟೆಯ ಹಳದಿಯನ್ನು ಒಡೆಯದೆ ಎತ್ತಿತು. 2023ರ ಸುಧಾರಿತ ಹಿಡಿಕೆಯ ತೂಕ 0.4 ಗ್ರಾಂ, ಎತ್ತಿದ ಭಾರ 6.4 ಕಿಲೋ. ಲೆಕ್ಕ ಹಾಕಿದರೆ ತನ್ನ ತೂಕದ 16,000 ಪಟ್ಟು! ಕೃತಕ ಕೈಗೆ ಜೋಡಿಸಿದಾಗ ಅದು ಪುಸ್ತಕದ ಹಾಳೆ ತಿರುವಿತು, ಬಳ್ಳಿಯಿಂದ ದ್ರಾಕ್ಷಿ ಕಿತ್ತಿತು. ಕೈ ಕಳೆದುಕೊಂಡವರಿಗೆ ಇದು ಆಶಾದಾಯಕ ಸುದ್ದಿ.

ಆದರೂ ದಾರಿ ಇನ್ನೂ ಉದ್ದವಿದೆ. ಗಾಳಿಯಿಂದ ನಡೆಯುವ ಯಂತ್ರಕ್ಕೆ ಪಂಪು ಬೇಕು. ಮತ್ತೆ ಮತ್ತೆ ಮಡಚಿದ ಗೆರೆ ಹಳೆಯ ನೋಟಿನಂತೆ ಸವೆದು ಹರಿಯುತ್ತದೆ. ನುಂಗುವ ರೋಬೋಟನ್ನು 2016ರಲ್ಲಿ ಪರೀಕ್ಷಿಸಿದ್ದು ಕೃತಕ ಜಠರದಲ್ಲೇ ಹೊರತು ಮನುಷ್ಯರಲ್ಲಲ್ಲ. ಆದುದರಿಂದ ಮಗು ಬ್ಯಾಟರಿ ನುಂಗಿದ ಸಂಶಯ ಬಂದರೆ ಮಲದಲ್ಲಿ ಹೋದೀತೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯುವುದೇ ಸರಿ.

ಇಷ್ಟೆಲ್ಲ ಸಂಶೋಧನೆಯ ಮೊದಲ ಪಾಠಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಕತ್ತರಿ ಮಾತ್ರ. ಬೇಸಗೆ ಶಿಬಿರ ನಡೆಸುವ ನಮ್ಮ ಸಂಘಸಂಸ್ಥೆಗಳು ಚಿತ್ರಕಲೆಯ ಜೊತೆಗೆ ಕಾಗದ ಮಡಚುವುದನ್ನೂ ಕಲಿಸಿದರೆ ಮಕ್ಕಳು ರೇಖಾಗಣಿತವನ್ನು ಬೆರಳ ತುದಿಯಲ್ಲೇ ಕಲಿತಾರು. ಮಡಿಕೆ ತಪ್ಪಿದರೂ ನಷ್ಟವಿಲ್ಲ, ಬಿಚ್ಚಿ ಮತ್ತೊಮ್ಮೆ ಮಡಚಿದರಾಯಿತು.